ಕಾರಿನ ಸೆಂಟ್ರಲ್ ಲಾಕ್: ಸ್ವಿಚ್‌ನ ವೈರಿಂಗ್ ಬದಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಚಾಲಕನ ಬಾಗಿಲಿನಲ್ಲಿರುವ ಒಂದು ಗುಂಡಿಯನ್ನು ಒತ್ತಿದೊಡನೆ ಕಾರಿನ ಎಲ್ಲ ಬಾಗಿಲುಗಳೂ ಏಕಕಾಲಕ್ಕೆ ಬೀಗ ಹಾಕಿಕೊಳ್ಳುವ ಅಥವಾ ಬೀಗ ತೆರೆದುಕೊಳ್ಳುವ ವ್ಯವಸ್ಥೆಗೆ ಪವರ್ ಡೋರ್ ಲಾಕ್ ಎಂದು ಹೆಸರು. ಬಳಕೆಯ ಮಾತಿನಲ್ಲಿ ಇದು ಸೆಂಟ್ರಲ್ ಲಾಕ್. ಹತ್ತು-ಹದಿನೈದು ವರ್ಷ ಓಡಿದ ಕಾರುಗಳಲ್ಲಿ ಮೊದಲು ಕೈಕೊಡುವ ವಿದ್ಯುತ್ ಸಾಧನಗಳಲ್ಲಿ ಈ ಲಾಕ್‌ನ ಸ್ವಿಚ್ ಮತ್ತು ಅದರ ತಂತಿಗಳೂ ಸೇರಿವೆ. ತುಮಕೂರಿನ ಸದಾಶಿವನಗರದಂತಹ ವಸತಿ ಬಡಾವಣೆಯಲ್ಲಾಗಲಿ, ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲಾಗಲಿ ಕೆಎ-06 ಸಂಖ್ಯೆಯ ಹಳೆಯ ಕಾರನ್ನು ಇಟ್ಟುಕೊಂಡವರು ಇಂತಹ ಸಂದರ್ಭದಲ್ಲಿ ಸಮೀಪದ ಆಟೋ ಎಲೆಕ್ಟ್ರಿಷಿಯನ್‌ನ ಮೊರೆಹೋಗುವುದು ವಾಡಿಕೆ. ಕೈಚಳಕವಿರುವ ಕೆಲವರು ತಾವೇ ಡೋರ್ ಪ್ಯಾಡ್ ಬಿಚ್ಚಿ ಕೆಲಸಕ್ಕೆ ತೊಡಗುವುದೂ ಉಂಟು.

ಯಾರು ಮಾಡಿದರೂ ಈ ಕೆಲಸದಲ್ಲಿ ಎರಡು ವಿಷಯಗಳು ಸ್ಪಷ್ಟವಾಗಿರಬೇಕು. ಕಾರಿನಲ್ಲಿರುವ ಸ್ವಿಚ್ ಯಾವ ವಿಧದ್ದು ಎಂಬುದು ಮೊದಲನೆಯದು. ಅದನ್ನು ತಿಳಿಯದೆ ತಂತಿ ಜೋಡಿಸಿದರೆ ನೇರ ಶಾರ್ಟ್ ಸರ್ಕ್ಯೂಟ್ ಆಗುವ ಸಂಭವವಿದೆ. ಕೆಲಸ ಮುಗಿದ ಬಳಿಕ ಬ್ಯಾಟರಿಯ ಸಂಪರ್ಕವೇ ಇಲ್ಲದಿದ್ದರೂ ಬಾಗಿಲು ಒಳಗಿನಿಂದ ಕೈಯಿಂದಲೇ ತೆರೆಯಬೇಕು ಎಂಬುದು ಎರಡನೆಯದು. ಮೊದಲನೆಯದನ್ನು ಮರೆತರೆ ಹಾನಿ ಕಾರಿಗೆ. ಎರಡನೆಯದನ್ನು ಮರೆತರೆ ಅಪಾಯ ಒಳಗೆ ಕುಳಿತವರ ಪ್ರಾಣಕ್ಕೆ.

ಹಿನ್ನೆಲೆ

ವಿದ್ಯುತ್ ಚಾಲಿತ ಬಾಗಿಲು ಬೀಗವು 1914ರಷ್ಟು ಹಿಂದೆಯೇ ಅಮೆರಿಕದ ಸ್ಕ್ರಿಪ್ಸ್-ಬೂತ್ ಕಾರಿನಲ್ಲಿ ಕಾಣಿಸಿಕೊಂಡಿತ್ತು. ಆದರೆ ಅದು ನೆಲೆಯೂರಿದ್ದು 1956ರಲ್ಲಿ ಪ್ಯಾಕರ್ಡ್ ಕಂಪನಿ ತನ್ನ ಐಷಾರಾಮಿ ಕಾರುಗಳಲ್ಲಿ ಮತ್ತೆ ಅಳವಡಿಸಿದ ನಂತರ. ಭಾರತದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರಲ್ಲಿ ಬಂದ ಮಾರುತಿ 800 ಕಾರುಗಳಲ್ಲಿ ಬಾಗಿಲಿನ ಬೀಗವನ್ನು ಕೈಯಿಂದಲೇ ಹಾಕಬೇಕಿತ್ತು. 1990ರ ದಶಕದಲ್ಲಿ ಹೊಸ ಕಂಪನಿಗಳೂ ಹೊಸ ಮಾದರಿಗಳೂ ಬಂದಂತೆ ಸೆಂಟ್ರಲ್ ಲಾಕ್ ದುಬಾರಿ ಶ್ರೇಣಿಗಳ ಸೌಲಭ್ಯವಾಗಿ ಪ್ರವೇಶಿಸಿತು. ಅಗ್ಗದ ಶ್ರೇಣಿಯ ಕಾರು ಕೊಂಡವರು ಹೊರಗಿನ ಅಂಗಡಿಯಲ್ಲಿ ಕಿಟ್ ಕೊಂಡು ಹಾಕಿಸಿಕೊಳ್ಳುವ ರೂಢಿಯೂ ಆಗಲೇ ಬೆಳೆಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಮಾರುಕಟ್ಟೆ ಇಂತಹ ಸಾಮಗ್ರಿಗೆ ಇಂದಿಗೂ ಹೆಸರಾಗಿದೆ.

ಹೀಗಾಗಿ ಇಂದು ಬಳಕೆಯಲ್ಲಿರುವ ಕಾರುಗಳಲ್ಲಿ ಮೂರು ಪೀಳಿಗೆಯ ವೈರಿಂಗ್ ಕಂಡುಬರುತ್ತದೆ: ಕಂಪನಿಯೇ ಕೊಟ್ಟ ಸರಳ ವೈರಿಂಗ್, ಹೊರಗೆ ಹಾಕಿಸಿದ ಕಿಟ್, ಮತ್ತು ಕಂಪ್ಯೂಟರ್ ನಿಯಂತ್ರಿತ ವ್ಯವಸ್ಥೆ. ಒಂದೇ ಕಾರಿನಲ್ಲಿ ಎರಡು ಪೀಳಿಗೆಗಳು ಬೆರೆತಿರುವುದೂ ಸಾಧ್ಯ.

ಲಾಕ್ ಮೋಟಾರಿನ ಕಾರ್ಯ

ಪ್ರತಿ ಬಾಗಿಲಿನೊಳಗೆ 12 ವೋಲ್ಟ್‌ನ ಪುಟ್ಟ ಡಿ.ಸಿ. ಮೋಟಾರು ಇರುತ್ತದೆ. ಇದಕ್ಕೆ ಆಕ್ಚುಯೇಟರ್ ಎನ್ನುತ್ತಾರೆ. ಮೋಟಾರಿಗೆ ಎರಡು ತಂತಿಗಳು. ಒಂದಕ್ಕೆ ಧನ, ಇನ್ನೊಂದಕ್ಕೆ ಋಣ ಸಂಪರ್ಕ ಸಿಕ್ಕರೆ ಸರಳು ಒಂದು ದಿಕ್ಕಿಗೆ ಸರಿದು ಬೀಗ ಬೀಳುತ್ತದೆ. ಸಂಪರ್ಕ ಅದಲುಬದಲಾದರೆ ಸರಳು ವಿರುದ್ಧ ದಿಕ್ಕಿಗೆ ಸರಿದು ಬೀಗ ತೆರೆಯುತ್ತದೆ. ಧನ-ಋಣಗಳ ಈ ಅದಲುಬದಲೇ ಸೆಂಟ್ರಲ್ ಲಾಕ್‌ನ ತಿರುಳು. ಉಳಿದೆಲ್ಲ ವೈರಿಂಗ್ ಇರುವುದು ಇದನ್ನು ಸಾಧಿಸುವುದಕ್ಕಾಗಿ.

ಮೋಟಾರಿಗೆ ವಿದ್ಯುತ್ ಬೇಕಾಗುವುದು ಒಂದು ಸೆಕೆಂಡಿಗೂ ಕಡಿಮೆ ಅವಧಿಗೆ. ಆದರೆ ಆ ಕ್ಷಣದಲ್ಲಿ ಅದು ಎಳೆಯುವ ಕರೆಂಟ್ ಅಲ್ಪವಲ್ಲ; ಒಂದೊಂದು ಮೋಟಾರೂ ಹಲವು ಆಂಪಿಯರ್ ಎಳೆಯುತ್ತದೆ. ಸರಳು ಕೊನೆ ಮುಟ್ಟಿದ ಬಳಿಕವೂ ವಿದ್ಯುತ್ ಹರಿಯುತ್ತಲೇ ಇದ್ದರೆ ಮೋಟಾರು ತಿರುಗಲಾಗದೆ ಬಿಸಿಯಾಗಿ ಸುಟ್ಟುಹೋಗುತ್ತದೆ. ಆದ್ದರಿಂದಲೇ ಈ ಕೆಲಸಕ್ಕೆ ಬಳಸುವ ಸ್ವಿಚ್ ಒತ್ತಿ ಬಿಟ್ಟೊಡನೆ ತಾನಾಗಿ ನಡುವಿಗೆ ಮರಳುವ ಸ್ಪ್ರಿಂಗ್ ಮಾದರಿಯದ್ದಾಗಿರಬೇಕು. ದೀಪಕ್ಕೆ ಹಾಕುವಂತೆ ಒತ್ತಿದಲ್ಲೇ ನಿಲ್ಲುವ ಸ್ವಿಚ್ ಇಲ್ಲಿ ಸಲ್ಲದು.

ಸ್ವಿಚ್‌ನ ನಾಲ್ಕು ವಿಧಗಳು

ನೋಡಲು ಒಂದೇ ರೀತಿ ಕಾಣುವ ಲಾಕ್ ಸ್ವಿಚ್‌ಗಳು ಒಳಗಿನ ಜೋಡಣೆಯಲ್ಲಿ ಭಿನ್ನವಾಗಿರುತ್ತವೆ.

1. ಅರ್ತ್ ಸಂಕೇತದ ಸ್ವಿಚ್: ಒತ್ತಿದಾಗ ಒಂದು ತೆಳು ತಂತಿಯನ್ನು ಕಾರಿನ ಬಾಡಿಗೆ, ಅಂದರೆ ಅರ್ತ್‌ಗೆ ಮುಟ್ಟಿಸುತ್ತದೆ. ಮೋಟಾರಿನ ಕರೆಂಟ್ ಇದರ ಮೂಲಕ ಹರಿಯುವುದಿಲ್ಲ. ಸಂಕೇತ ಪಡೆದ ರಿಲೇ ಅಥವಾ ನಿಯಂತ್ರಣ ಪೆಟ್ಟಿಗೆಯು ಮೋಟಾರನ್ನು ನಡೆಸುತ್ತದೆ.

2. ಧನ ಸಂಕೇತದ ಸ್ವಿಚ್: ತತ್ತ್ವ ಮೇಲಿನದೇ. ಅರ್ತ್‌ಗೆ ಬದಲಾಗಿ 12 ವೋಲ್ಟ್ ಸಂಕೇತ ಹೋಗುತ್ತದೆ.

3. ಧನ-ಋಣ ಅದಲುಬದಲಿನ ಸ್ವಿಚ್: ಇಲ್ಲಿ ಮೋಟಾರಿನ ಪೂರ್ಣ ಕರೆಂಟ್ ಸ್ವಿಚ್‌ನೊಳಗೇ ಹಾದುಹೋಗುತ್ತದೆ. ಯಾರೂ ಒತ್ತದಿರುವಾಗ ಮೋಟಾರಿನ ಎರಡೂ ತಂತಿಗಳು ಸ್ವಿಚ್‌ನ ಮೂಲಕ ಅರ್ತ್‌ಗೆ ಸೇರಿರುತ್ತವೆ. ಒತ್ತಿದಾಗ ಒಂದು ತಂತಿ ಮಾತ್ರ ಅರ್ತ್‌ನಿಂದ ಬಿಡಿಸಿಕೊಂಡು 12 ವೋಲ್ಟ್‌ಗೆ ಸೇರುತ್ತದೆ.

4. ಏಕತಂತಿ ಅಥವಾ ಡೇಟಾ ಸ್ವಿಚ್: ಒಂದೇ ತಂತಿಯಲ್ಲಿ ಬೇರೆ ಬೇರೆ ಮೌಲ್ಯದ ರೆಸಿಸ್ಟರ್‌ಗಳ ಮೂಲಕ ಲಾಕ್, ಅನ್‌ಲಾಕ್ ಸಂಕೇತಗಳು ಹೋಗುತ್ತವೆ. ಇನ್ನೂ ಹೊಸ ಕಾರುಗಳಲ್ಲಿ ಬಾಗಿಲಿನ ಮಾಡ್ಯೂಲ್ ಅಂಕಿರೂಪದ ಸಂದೇಶವನ್ನೇ ಕಳುಹಿಸುತ್ತದೆ.

ಇವುಗಳಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಮೂರನೆಯ ವಿಧದಲ್ಲಿ. ಚಾಲಕನ ಬಳಿ ಇರುವ ಸ್ವಿಚ್‌ನಂಥದೇ ಇನ್ನೊಂದನ್ನು ಎಡಗಡೆಯ ಬಾಗಿಲಿಗೂ ಹಾಕಬೇಕೆಂದು ಎರಡರ ತಂತಿಗಳನ್ನೂ ಬಣ್ಣಕ್ಕೆ ಬಣ್ಣ ಕೂಡಿಸಿ ಸಮಾನಾಂತರವಾಗಿ ಜೋಡಿಸುವವರಿದ್ದಾರೆ. ಚಾಲಕ ಗುಂಡಿ ಒತ್ತಿದೊಡನೆ ಒಂದು ತಂತಿಗೆ 12 ವೋಲ್ಟ್ ಬರುತ್ತದೆ. ಅದೇ ತಂತಿಯನ್ನು ಎಡಗಡೆಯ ಸ್ವಿಚ್ ತನ್ನ ವಿಶ್ರಾಂತ ಸ್ಥಿತಿಯಲ್ಲಿ ಅರ್ತ್‌ಗೆ ಹಿಡಿದಿರುತ್ತದೆ. ಫಲಿತಾಂಶ ನೇರ ಶಾರ್ಟ್. ಫ್ಯೂಸ್ ಸರಿಯಾಗಿದ್ದರೆ ಅದು ಹಾರಿ ಅಷ್ಟಕ್ಕೆ ಮುಗಿಯುತ್ತದೆ; ಫ್ಯೂಸ್‌ನ ಜಾಗದಲ್ಲಿ ತಂತಿ ಸುತ್ತಿದ್ದರೆ ಬಾಗಿಲಿನೊಳಗಿನ ವೈರಿಂಗ್ ಕರಗುತ್ತದೆ.

ಸರಿಯಾದ ಕ್ರಮವೆಂದರೆ ಎರಡು ಸ್ವಿಚ್‌ಗಳನ್ನು ಸರಣಿಯಲ್ಲಿ ಜೋಡಿಸುವುದು. ಮೋಟಾರಿನ ತಂತಿಗಳು ಎರಡನೆಯ ಸ್ವಿಚ್‌ನಿಂದ ಹೊರಡುತ್ತವೆ. ಎರಡನೆಯ ಸ್ವಿಚ್‌ನ ಅರ್ತ್ ಬಿಂದುಗಳು ಬಾಡಿಗೆ ಹೋಗದೆ ಮೊದಲನೆಯ ಸ್ವಿಚ್‌ನ ಎರಡು ಹೊರತಂತಿಗಳಿಗೆ ಸೇರುತ್ತವೆ. ಮೊದಲನೆಯ ಸ್ವಿಚ್‌ನ ಅರ್ತ್ ಬಿಂದುಗಳು ಮಾತ್ರ ಬಾಡಿಗೆ ಹೋಗುತ್ತವೆ. ಹೀಗಿದ್ದಾಗ ಇಬ್ಬರು ಏಕಕಾಲಕ್ಕೆ ವಿರುದ್ಧ ಗುಂಡಿಗಳನ್ನು ಒತ್ತಿದರೂ ಮೋಟಾರಿನ ಎರಡು ತುದಿಗಳಿಗೂ 12 ವೋಲ್ಟ್ ಬಂದು ಅದು ಸುಮ್ಮನೆ ನಿಲ್ಲುತ್ತದೆಯೇ ಹೊರತು ಶಾರ್ಟ್ ಆಗುವುದಿಲ್ಲ.

ವಿಧವನ್ನು ಗುರುತಿಸುವ ಬಗೆ

ಇದಕ್ಕೆ ಬೇಕಾದದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪ್ ಬಳಸದಿರುವುದು ಲೇಸು. ಬಲ್ಬ್ ಎಳೆಯುವ ಕರೆಂಟ್ ಮಾಡ್ಯೂಲಿನ ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲದು.

ಸ್ವಿಚ್‌ನ ಕಪ್ಲರ್ ಜೋಡಿಸಿರುವಾಗಲೇ ಹಿಂಬದಿಯಿಂದ ಮೀಟರಿನ ಮುಳ್ಳು ತಾಗಿಸಿ ಪ್ರತಿ ತಂತಿಯ ವೋಲ್ಟೇಜನ್ನು ಅಳೆಯಬೇಕು. ಗುಂಡಿ ಒತ್ತದಿರುವಾಗ 12 ವೋಲ್ಟ್ ಅಥವಾ ಸುಮಾರು 5 ವೋಲ್ಟ್ ತೋರಿಸುವ ತಂತಿಯು ಒತ್ತಿದಾಗ ಸೊನ್ನೆಗೆ ಇಳಿದರೆ ಅದು ಅರ್ತ್ ಸಂಕೇತದ ಸ್ವಿಚ್. ಸೊನ್ನೆಯಲ್ಲಿದ್ದದ್ದು ಒತ್ತಿದಾಗ 12ಕ್ಕೆ ಏರಿದರೆ ಧನ ಸಂಕೇತದ ಸ್ವಿಚ್ ಇಲ್ಲವೇ ಅದಲುಬದಲಿನ ಸ್ವಿಚ್. ಇವೆರಡನ್ನು ಬೇರ್ಪಡಿಸಲು ಬ್ಯಾಟರಿ ಸಂಪರ್ಕ ತೆಗೆದು, ಕಪ್ಲರ್ ಬಿಚ್ಚಿ, ಕಾರಿನ ಕಡೆಗೆ ಹೋಗುವ ಎರಡು ಹೊರತಂತಿಗಳ ನಡುವಿನ ರೆಸಿಸ್ಟೆನ್ಸ್ ಅಳೆಯಬೇಕು. ಕೆಲವೇ ಓಮ್‌ಗಳಷ್ಟು ತೋರಿಸಿದರೆ ಆ ತಂತಿಗಳು ನೇರವಾಗಿ ಮೋಟಾರುಗಳಿಗೆ ಹೋಗುತ್ತಿವೆ ಎಂದರ್ಥ. ಅದು ಅದಲುಬದಲಿನ ಸ್ವಿಚ್. ಒತ್ತಿದಾಗ ವೋಲ್ಟೇಜ್ ಸೊನ್ನೆಗೂ ಹೋಗದೆ 12ಕ್ಕೂ ಏರದೆ ನಡುವಿನ ಬೇರೆ ಬೇರೆ ಮೌಲ್ಯಗಳಲ್ಲಿ ನಿಂತರೆ ಅದು ಏಕತಂತಿ ವಿಧ. ಅಲ್ಲಿ ಸಾಮಾನ್ಯ ಸ್ವಿಚ್ ಹಾಕಿದರೆ ಕೆಲಸ ಮಾಡದು.

ತಂತಿಯ ಬಣ್ಣವನ್ನಷ್ಟೇ ನಂಬಿ ಮುಂದುವರಿಯಬಾರದು. ಕಂಪನಿಯಿಂದ ಕಂಪನಿಗೆ ಬಣ್ಣಗಳ ಅರ್ಥ ಬದಲಾಗುತ್ತದೆ. ಹಿಂದೊಮ್ಮೆ ದುರಸ್ತಿಯಾದ ಕಾರಿನಲ್ಲಂತೂ ಕೈಗೆ ಸಿಕ್ಕ ಬಣ್ಣದ ತಂತಿಯನ್ನು ಬಳಸಿರುವ ಸಾಧ್ಯತೆಯೂ ಇದೆ.

ದೋಷ ಎಲ್ಲಿರುತ್ತದೆ?

ಸ್ವಿಚ್ ಬದಲಿಸುವ ಮುನ್ನ ಬಾಗಿಲು ಮತ್ತು ಕಂಬದ ನಡುವಿನ ಮಡತೆಯನ್ನು ನೋಡಬೇಕು. ಬಾಗಿಲಿನ ಹಿಂಜ್ ಇರುವೆಡೆ ಕಪ್ಪು ರಬ್ಬರ್ ಕೊಳವೆಯೊಳಗೆ ತಂತಿಗಳ ಕಟ್ಟು ಹಾದುಹೋಗುತ್ತದೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅದು ಬಾಗಿ ನೇರವಾಗುತ್ತದೆ. ದಿನಕ್ಕೆ ಹತ್ತು ಸಲ ತೆರೆದರೂ ವರ್ಷಕ್ಕೆ 3,650 ಸಲ ಬಾಗಿದಂತಾಯಿತು. ಹತ್ತು ವರ್ಷಗಳಲ್ಲಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಅಖಂಡವಾಗಿ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಚಾಲಕನ ಬಾಗಿಲಿನಲ್ಲೇ ಇದು ಮೊದಲು ಸಂಭವಿಸುತ್ತದೆ.

ಇದರ ಲಕ್ಷಣಗಳು ಸ್ಪಷ್ಟ. ಬಾಗಿಲು ತೆರೆದಾಗ ಲಾಕ್ ಕೆಲಸ ಮಾಡುತ್ತದೆ, ಮುಚ್ಚಿದಾಗ ಮಾಡುವುದಿಲ್ಲ, ಅಥವಾ ತದ್ವಿರುದ್ಧ. ಕೆಲವೊಮ್ಮೆ ಬಾಗಿಲು ಅಲುಗಿದಾಗ ಮಾತ್ರ ಫ್ಯೂಸ್ ಹಾರುತ್ತದೆ. ಅದೇ ಬಾಗಿಲಿನ ಪವರ್ ವಿಂಡೋ ಅಥವಾ ಸ್ಪೀಕರ್ ಕೂಡ ಆಗಾಗ ಕೈಕೊಡುತ್ತಿದ್ದರೆ ದೋಷ ಮಡತೆಯಲ್ಲಿದೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು.

ದುರಸ್ತಿಯಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಮುರಿದ ಜಾಗದಲ್ಲೇ ತಂತಿ ಸುಲಿದು ತಿರುಚಿ ಟೇಪ್ ಸುತ್ತುವುದು. ಬಾಗುವ ಜಾಗದಲ್ಲಿ ಜೋಡಣೆ ಇರಲೇಬಾರದು. ಬೆಸುಗೆ ಹಾಕಿದರೂ ಅದು ಗಡುಸಾಗಿ ಅದರ ಅಂಚಿನಲ್ಲೇ ತಂತಿ ಮತ್ತೆ ಮುರಿಯುತ್ತದೆ. ಬಾಗಿಲಿನೊಳಗೆ ಒಂದು, ಕಾರಿನೊಳಗೆ ಒಂದು ಸ್ಥಿರ ಜಾಗವನ್ನು ಆರಿಸಿಕೊಂಡು ಅವುಗಳ ನಡುವೆ ರಬ್ಬರ್ ಕೊಳವೆಯ ಮೂಲಕ ಹೊಸ ತಂತಿಯನ್ನು ಅಖಂಡವಾಗಿ ಎಳೆಯಬೇಕು. ಜೋಡಣೆಗಳನ್ನು ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಬೇಕು. ಅಗ್ಗದ ಪಿವಿಸಿ ಟೇಪ್ ಬಿಸಿಲಿನ ಕಾವಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ವಾಹನಗಳಿಗೆಂದೇ ಬರುವ ಬಟ್ಟೆಯ ಟೇಪ್ ಉತ್ತಮ.

ಕೆಲಸಕ್ಕೆ ತೊಡಗುವ ಮುನ್ನ

ಮೊದಲಿಗೆ ಒಂದು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಬ್ಯಾಟರಿ ಸಂಪರ್ಕ ತೆಗೆದು ಹಾಕುವಾಗ ಕೆಲವು ಕಾರುಗಳು ತಾವಾಗಿ ಲಾಕ್ ಆಗುತ್ತವೆ. ಕೀಲಿ ಒಳಗೆ, ಮನುಷ್ಯ ಹೊರಗೆ ಎಂಬ ಪರಿಸ್ಥಿತಿಗೆ ಇದೇ ಕಾರಣ.

ನಂತರ ಬ್ಯಾಟರಿಯ ಋಣ ತುದಿಯನ್ನು ಕಳಚಿ ಕೆಲವು ನಿಮಿಷ ಕಾಯಬೇಕು. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಇದು ಕಡ್ಡಾಯ. ಕೆಲವು ಕಾರುಗಳ ಬಾಗಿಲಿನೊಳಗೆ ಪಕ್ಕದ ಏರ್‌ಬ್ಯಾಗಿನ ಸಂವೇದಕಗಳೂ ಇರುತ್ತವೆ. ಹಳದಿ ಹೊದಿಕೆಯ ತಂತಿ ಮತ್ತು ಹಳದಿ ಕಪ್ಲರ್‌ಗಳನ್ನು ಬಹುತೇಕ ಕಂಪನಿಗಳು ಏರ್‌ಬ್ಯಾಗಿಗೆ ಮೀಸಲಿಟ್ಟಿವೆ. ಅವನ್ನು ಬಿಚ್ಚಲೂ ಬಾರದು, ಮೀಟರ್ ತಾಗಿಸಲೂ ಬಾರದು.

ಡೋರ್ ಪ್ಯಾಡಿನ ಹಿಂದೆ ಬಾಗಿಲಿನ ತಗಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದಿರುತ್ತದೆ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರನ್ನು ಕೆಳಗಿನ ರಂಧ್ರಗಳ ಕಡೆಗೆ ಹರಿಸುವುದು ಇದರ ಕೆಲಸ. ಇದನ್ನು ಹರಿದು ಎಸೆದರೆ ಮುಂದಿನ ಮಳೆಗಾಲದಲ್ಲಿ ನೀರು ಪ್ಯಾಡಿಗೂ ಸ್ವಿಚ್‌ಗೂ ತಲುಪುತ್ತದೆ. ಜೋಪಾನವಾಗಿ ಬಿಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಅಂಟಿಸಬೇಕು.

ಎರಡು ರಿಲೇಗಳ ಜೋಡಣೆ

ಅದಲುಬದಲಿನ ಮೂಲ ಸ್ವಿಚ್ ಸಿಗದಿದ್ದಾಗ ಅಥವಾ ಅದರ ಬಿಂದುಗಳು ಪದೇ ಪದೇ ಸುಡುತ್ತಿದ್ದಾಗ ಎರಡು ರಿಲೇಗಳನ್ನು ಬಳಸಿ ಹೊಸ ವೈರಿಂಗ್ ಮಾಡುವುದು ಸುರಕ್ಷಿತ ಮಾರ್ಗ. ಅಂಗಡಿಗಳಲ್ಲಿ ದೊರೆಯುವ ಐದು ಕಾಲಿನ ರಿಲೇಯ ಮೇಲೆ 30, 85, 86, 87, 87ಎ ಎಂಬ ಸಂಖ್ಯೆಗಳಿರುತ್ತವೆ. 85 ಮತ್ತು 86 ಒಳಗಿನ ಸುರುಳಿಯ ತುದಿಗಳು. ಸುರುಳಿಗೆ ವಿದ್ಯುತ್ ಇಲ್ಲದಾಗ 30ನೇ ಕಾಲು 87ಎಗೆ, ವಿದ್ಯುತ್ ಬಂದಾಗ 87ಕ್ಕೆ ಸೇರುತ್ತದೆ.

ಜೋಡಣೆ ಹೀಗಿರುತ್ತದೆ:

• ಎರಡೂ ರಿಲೇಗಳ 87ನೇ ಕಾಲುಗಳು ಫ್ಯೂಸ್ ಮೂಲಕ ಬ್ಯಾಟರಿಯ ಧನ ತುದಿಗೆ.
• ಎರಡೂ ರಿಲೇಗಳ 87ಎ ಕಾಲುಗಳು ಬಾಡಿಯ ಅರ್ತ್ ಬೋಲ್ಟಿಗೆ.
• ಮೊದಲ ರಿಲೇಯ 30ನೇ ಕಾಲು ಎಲ್ಲ ಮೋಟಾರುಗಳ ಲಾಕ್ ತಂತಿಗೆ. ಎರಡನೆಯದರ 30ನೇ ಕಾಲು ಅನ್‌ಲಾಕ್ ತಂತಿಗೆ.
• ಎರಡರ 86ನೇ ಕಾಲುಗಳು ಫ್ಯೂಸ್ ಇರುವ ಧನ ತಂತಿಗೆ.
• ಎರಡರ 85ನೇ ಕಾಲುಗಳು ಸ್ವಿಚ್‌ನ ಲಾಕ್ ಮತ್ತು ಅನ್‌ಲಾಕ್ ಬಿಂದುಗಳಿಗೆ. ಸ್ವಿಚ್‌ನ ನಡುಬಿಂದು ಅರ್ತ್‌ಗೆ.

ವಿಶ್ರಾಂತ ಸ್ಥಿತಿಯಲ್ಲಿ ಮೋಟಾರಿನ ಎರಡೂ ತುದಿಗಳು ಅರ್ತ್‌ನಲ್ಲಿರುತ್ತವೆ. ಗುಂಡಿ ಒತ್ತಿದಾಗ ಒಂದು ತುದಿ 12 ವೋಲ್ಟ್‌ಗೆ ಏರುತ್ತದೆ. ಎರಡೂ ರಿಲೇಗಳು ಆಕಸ್ಮಿಕವಾಗಿ ಒಟ್ಟಿಗೆ ಎಳೆದರೆ ಎರಡು ತುದಿಗಳಿಗೂ ಧನವೇ ಬರುವುದರಿಂದ ಶಾರ್ಟ್ ಆಗುವುದಿಲ್ಲ. ಈ ವ್ಯವಸ್ಥೆಯಲ್ಲಿ ಎರಡು, ಮೂರು ಸ್ವಿಚ್‌ಗಳನ್ನು ಸಮಾನಾಂತರವಾಗಿ ಸೇರಿಸಿದರೂ ತೊಂದರೆಯಿಲ್ಲ ಎಂಬುದು ಇದರ ದೊಡ್ಡ ಅನುಕೂಲ.

ರಿಲೇ ಸುರುಳಿಯ ರೆಸಿಸ್ಟೆನ್ಸ್ ಸಾಮಾನ್ಯವಾಗಿ 80-90 ಓಮ್ ಆಸುಪಾಸಿನಲ್ಲಿರುತ್ತದೆ. ಅಂದರೆ ಸ್ವಿಚ್‌ನಲ್ಲಿ ಹರಿಯುವುದು 0.15 ಆಂಪಿಯರಿನಷ್ಟು ಮಾತ್ರ. ಸ್ವಿಚ್‌ಗೆ ಬರುವ ತಂತಿ ತೆಳುವಾಗಿದ್ದರೂ ಸಾಕು, ಅದರ ಬಿಂದುಗಳು ಬಹುಕಾಲ ಬಾಳುತ್ತವೆ. ಸುರುಳಿಯ ಎರಡು ತುದಿಗಳ ನಡುವೆ 1ಎನ್4007 ಡಯೋಡನ್ನು, ಪಟ್ಟಿ ಇರುವ ತುದಿ ಧನದ ಕಡೆಗಿರುವಂತೆ ಹಾಕಿದರೆ, ರಿಲೇ ಬಿಡುವಾಗ ಹುಟ್ಟುವ ಅಧಿಕ ವೋಲ್ಟೇಜ್ ಇತರ ಸಾಧನಗಳನ್ನು ಬಾಧಿಸುವುದಿಲ್ಲ. ಕೆಲಸ ಮುಗಿದ ಮೇಲೆ ಒಂದು ಬಾಗಿಲು ಮಾತ್ರ ಉಳಿದವುಗಳಿಗೆ ವಿರುದ್ಧವಾಗಿ ನಡೆದರೆ ಆ ಮೋಟಾರಿನ ಎರಡು ತಂತಿಗಳನ್ನಷ್ಟೇ ಅದಲುಬದಲು ಮಾಡಬೇಕು.

ತಂತಿ ಮತ್ತು ಫ್ಯೂಸ್‌ನ ಲೆಕ್ಕ

ನಾಲ್ಕು ಬಾಗಿಲುಗಳ ಮೋಟಾರುಗಳು ತಲಾ 4 ಆಂಪಿಯರ್ ಎಳೆದರೆ ಮುಖ್ಯ ತಂತಿಯಲ್ಲಿ ಹರಿಯುವುದು 16 ಆಂಪಿಯರ್. ಆ ತಂತಿ 4 ಮೀಟರ್ ಉದ್ದವಿದ್ದು 0.5 ಚದರ ಮಿ.ಮೀ. ದಪ್ಪದ್ದಾಗಿದ್ದರೆ ಅದರಲ್ಲೇ ಸುಮಾರು 2.2 ವೋಲ್ಟ್ ನಷ್ಟವಾಗುತ್ತದೆ. ಬ್ಯಾಟರಿ ಸ್ವಲ್ಪ ಕುಗ್ಗಿದ್ದರೂ ಬೀಗ ಅರ್ಧಕ್ಕೇ ನಿಲ್ಲುತ್ತದೆ. ಅದೇ 1.5 ಚದರ ಮಿ.ಮೀ. ತಂತಿಯಲ್ಲಿ ನಷ್ಟ 0.75 ವೋಲ್ಟ್‌ನ ಒಳಗಿರುತ್ತದೆ. ಆದ್ದರಿಂದ ಮುಖ್ಯ ತಂತಿಗೆ 1.5, ಒಂದೊಂದು ಬಾಗಿಲಿಗೆ ಹೋಗುವ ಕವಲಿಗೆ 1, ಸಂಕೇತದ ತಂತಿಗೆ 0.5 ಚದರ ಮಿ.ಮೀ. ಎಂಬುದು ಯೋಗ್ಯ ಆಯ್ಕೆ. ಮನೆಯ ವೈರಿಂಗ್‌ನಲ್ಲಿ ಉಳಿದ ತಂತಿಯನ್ನು ಕಾರಿಗೆ ಬಳಸಬಾರದು. ಅದರ ಎಳೆಗಳು ದಪ್ಪ; ಬಾಗುವಿಕೆಯನ್ನೂ ಕಂಪನವನ್ನೂ ತಾಳಲಾರವು.

ಫ್ಯೂಸ್ ಇರುವುದು ಮೋಟಾರನ್ನು ಕಾಯಲು ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ವಾಸ್ತವವಾಗಿ ಅದು ಕಾಯುವುದು ತಂತಿಯನ್ನು. ಕಾರಿನ ಬ್ಯಾಟರಿ ಶಾರ್ಟ್ ಆದಾಗ ನೂರಾರು ಆಂಪಿಯರ್ ಕೊಡಬಲ್ಲದು. ತೆಳು ತಂತಿ ಕ್ಷಣಾರ್ಧದಲ್ಲಿ ಕೆಂಡವಾಗುತ್ತದೆ. ಆ ಕಾರಣಕ್ಕಾಗಿಯೇ ಹೊಸ ಧನ ತಂತಿಯ ಫ್ಯೂಸ್ ಬ್ಯಾಟರಿಗೆ ಅತಿ ಸಮೀಪದಲ್ಲಿ, ಸುಮಾರು ಒಂದು ಗೇಣಿನ ಅಂತರದೊಳಗೆ ಇರಬೇಕು. ಮೇಲಿನ ಜೋಡಣೆಗೆ ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್ ಸಾಕು; ಅರೆಕ್ಷಣದ 16 ಆಂಪಿಯರಿಗೆ ಅದು ಹಾರುವುದಿಲ್ಲ. ಫ್ಯೂಸ್ ಪದೇ ಪದೇ ಹಾರುತ್ತಿದ್ದರೆ ಹಸಿರು ಬಣ್ಣದ 30 ಆಂಪಿಯರಿನದನ್ನು ತುರುಕುವುದು ಪರಿಹಾರವಲ್ಲ. ಎಲ್ಲೋ ತಂತಿ ಬಾಡಿಗೆ ತಾಗುತ್ತಿದೆ ಎಂಬ ಸೂಚನೆ ಅದು. ತಗಡಿನ ರಂಧ್ರದಲ್ಲಿ ಹಾದುಹೋಗುವ ಪ್ರತಿ ತಂತಿಗೂ ರಬ್ಬರ್ ಗ್ರಾಮೆಟ್ ಇರಬೇಕು. ಅದಿಲ್ಲದಿದ್ದರೆ ತಗಡಿನ ಅಂಚು ವರ್ಷಗಟ್ಟಲೆ ಉಜ್ಜಿ ಹೊದಿಕೆಯನ್ನು ಕೊಯ್ಯುತ್ತದೆ.

ಮಾರುಕಟ್ಟೆಯ ಕಿಟ್‌ಗಳು

ಹೊರಗೆ ದೊರೆಯುವ ಸೆಂಟ್ರಲ್ ಲಾಕ್ ಕಿಟ್‌ನಲ್ಲಿ ಒಂದು ನಿಯಂತ್ರಣ ಪೆಟ್ಟಿಗೆ ಮತ್ತು ನಾಲ್ಕು ಮೋಟಾರುಗಳಿರುತ್ತವೆ. ಮುಂಬಾಗಿಲಿಗೆ ಬರುವ ಮೋಟಾರಿಗೆ ಐದು ತಂತಿಗಳು, ಹಿಂಬಾಗಿಲುಗಳದಕ್ಕೆ ಎರಡು. ಐದರಲ್ಲಿ ಎರಡು ಮೋಟಾರಿನವು. ಉಳಿದ ಮೂರು ಅದರೊಳಗಿನ ಚಿಕ್ಕ ಸ್ವಿಚ್‌ನವು. ಚಾಲಕ ಕೀಲಿ ತಿರುಗಿಸಿದಾಗ ಸರಳು ಸರಿದು ಈ ಚಿಕ್ಕ ಸ್ವಿಚ್ ಪೆಟ್ಟಿಗೆಗೆ ಅರ್ತ್ ಸಂಕೇತ ಕಳುಹಿಸುತ್ತದೆ. ಪೆಟ್ಟಿಗೆ ಉಳಿದ ಬಾಗಿಲುಗಳಿಗೆ ಅರೆಕ್ಷಣದ ವಿದ್ಯುತ್ ನೀಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹೆಚ್ಚುವರಿ ಗುಂಡಿ ಬೇಕಿದ್ದರೆ ಇದೇ ಎರಡು ಸಂಕೇತದ ತಂತಿಗಳಿಗೆ ಸೇರಿಸಬೇಕೇ ವಿನಾ ಮೋಟಾರಿನ ತಂತಿಗಳಿಗಲ್ಲ.

ಹೊಸ ಕಾರುಗಳಲ್ಲಿ ಎಚ್ಚರ

ಇತ್ತೀಚಿನ ಕಾರುಗಳಲ್ಲಿ ಬಾಗಿಲಿನ ಬೀಗವನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಪ್ಯೂಟರ್ ನಿಯಂತ್ರಿಸುತ್ತದೆ. ವೇಗ ಹೆಚ್ಚಿದಾಗ ತಾನಾಗಿ ಲಾಕ್ ಆಗುವುದು, ಕಳ್ಳತನದ ಅಲಾರಂ, ಅಪಘಾತದಲ್ಲಿ ಏರ್‌ಬ್ಯಾಗ್ ಸಿಡಿದಾಗ ಬಾಗಿಲುಗಳ ಬೀಗ ತಾನಾಗಿ ತೆರೆಯುವುದು ಇವೆಲ್ಲ ಅದರ ಮೂಲಕವೇ ನಡೆಯುತ್ತವೆ. ಒಂದು ಸ್ವಿಚ್ ಕೆಟ್ಟಿತೆಂದು ಮಾಡ್ಯೂಲಿನ ತಂತಿಯನ್ನು ಕತ್ತರಿಸಿ ಹೊರಗಿನ ಕಿಟ್ ಜೋಡಿಸಿದರೆ ಲಾಕ್ ಕೆಲಸ ಮಾಡೀತು. ಆದರೆ ಅಪಘಾತದ ಹೊತ್ತಿನಲ್ಲಿ ತೆರೆಯಬೇಕಾದ ಬಾಗಿಲು ತೆರೆಯದು. ಈ ನಷ್ಟ ಅಪಘಾತವಾಗುವ ತನಕ ಯಾರ ಗಮನಕ್ಕೂ ಬರುವುದಿಲ್ಲ. ಇಂತಹ ಕಾರುಗಳಲ್ಲಿ ಅದೇ ಮಾದರಿಯ ಸ್ವಿಚ್ ತಂದು ಕಪ್ಲರ್‌ಗೆ ಕಪ್ಲರ್ ಸೇರಿಸುವುದೊಂದೇ ಸರಿಯಾದ ದಾರಿ. ವಾರಂಟಿ ಇರುವ ಕಾರಿನಲ್ಲಿ ತಂತಿ ಕತ್ತರಿಸಿದರೆ ವಾರಂಟಿಗೂ ಧಕ್ಕೆ ಬರಬಹುದು.

ಪ್ರಾಣಕ್ಕೆ ಸಂಬಂಧಿಸಿದ ವಿಷಯ

ಭಾರತದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ, ಹಿಂಬದಿಯ ಪಾರ್ಕಿಂಗ್ ಸಂವೇದಕಗಳ ಜೊತೆಗೆ ಸೆಂಟ್ರಲ್ ಲಾಕ್‌ಗೆ ಕೈಯಿಂದ ತೆರೆಯುವ ಪರ್ಯಾಯ ವ್ಯವಸ್ಥೆಯೂ ಕಡ್ಡಾಯವಾಗಿದೆ. ಎಐಎಸ್-145 ಎಂಬ ಮಾನದಂಡ ಇದನ್ನು ವಿಧಿಸುತ್ತದೆ. ವಿದ್ಯುತ್ ಕೈಕೊಟ್ಟಾಗ ಒಳಗಿರುವವರು ಸಿಕ್ಕಿಹಾಕಿಕೊಳ್ಳಬಾರದು ಎಂಬುದೇ ಇದರ ಉದ್ದೇಶ. ಅದಕ್ಕೂ ಹಿಂದಿನ ಕಾರುಗಳಿಗೆ, ಅದರಲ್ಲೂ ಹೊರಗಿನ ಕಿಟ್ ಹಾಕಿಸಿದವುಗಳಿಗೆ, ಈ ಹೊಣೆ ಮಾಲೀಕನದು ಮತ್ತು ಕೆಲಸಗಾರನದು.

ನಿಲ್ಲಿಸಿದ ಕಾರಿನೊಳಗಿನ ಬಿಸಿ ಎಷ್ಟು ಬೇಗ ಏರುತ್ತದೆ ಎಂಬುದನ್ನು ಅಮೆರಿಕದ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಒಂದು ಗಂಟೆಯಲ್ಲಿ ಒಳಗಿನ ಉಷ್ಣಾಂಶ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಆ ಏರಿಕೆಯ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಯಿತು. ಕಿಟಕಿಯನ್ನು ತುಸು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಹೊರಗೆ 32 ಡಿಗ್ರಿ ಇರುವ ಮಧ್ಯಾಹ್ನ ಮನೆಯ ಮುಂದಿನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿಗೆ ಈ ಲೆಕ್ಕ ಅನ್ವಯಿಸಿದರೆ ಒಳಗಿನ ಉಷ್ಣಾಂಶ 50 ಡಿಗ್ರಿ ದಾಟುತ್ತದೆ. 2025ರ ಮೇ ತಿಂಗಳಲ್ಲಿ ನೆರೆಯ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯ ಗ್ರಾಮವೊಂದರಲ್ಲಿ ಆಟವಾಡುತ್ತ ನಿಂತ ಕಾರನ್ನು ಹೊಕ್ಕ ನಾಲ್ವರು ಮಕ್ಕಳು ಹೊರಬರಲಾಗದೆ ಪ್ರಾಣ ಕಳೆದುಕೊಂಡರು.

ನೀರಿನ ಅಪಾಯ ಬೇರೆ ಬಗೆಯದು. ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ 2023ರ ಮೇ 21ರಂದು ಮಳೆನೀರಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಮೃತಪಟ್ಟರು. ಸುತ್ತ ನೀರು ಏರಿದಾಗ ಬೀಗ ತೆರೆದಿದ್ದರೂ ನೀರಿನ ಒತ್ತಡದಿಂದ ಬಾಗಿಲನ್ನು ತಳ್ಳುವುದು ಕಷ್ಟ. ಅದರ ಮೇಲೆ ಬೀಗವೂ ಬಿದ್ದು, ವಿದ್ಯುತ್ತೂ ಹೋಗಿದ್ದರೆ ಕೈಯಿಂದ ತೆರೆಯುವ ಗುಬಟು ಸಡಿಲವಾಗಿ ಕೆಲಸ ಮಾಡಲೇಬೇಕು. ಕಿಟ್‌ನ ಸರಳನ್ನು ವಕ್ರವಾಗಿ ಬಿಗಿದಿದ್ದರೆ ಅದು ಬಾಗಿಲಿನ ಮೂಲ ಸರಳಿಗೆ ಅಡ್ಡ ಬಂದು ಗುಬಟು ಬಿಗಿಯಾಗುತ್ತದೆ. ಮೋಟಾರಿನ ಬಲಕ್ಕೆ ಅದು ಸರಿಯಬಹುದು. ಮಗುವಿನ ಅಥವಾ ವೃದ್ಧರ ಬೆರಳಿಗೆ ಸರಿಯದು.

ಕೊನೆಯ ಪರೀಕ್ಷೆ

ವೈರಿಂಗ್ ಮುಗಿದ ಮೇಲೆ, ಡೋರ್ ಪ್ಯಾಡ್ ಕೂಡಿಸುವ ಮುನ್ನವೇ ಈ ಪರೀಕ್ಷೆಗಳನ್ನು ಮಾಡಬೇಕು:

• ಸ್ವಿಚ್‌ನಿಂದ ಹತ್ತು ಬಾರಿ ಲಾಕ್, ಅನ್‌ಲಾಕ್ ಮಾಡಿ ಎಲ್ಲ ಬಾಗಿಲುಗಳೂ ಒಟ್ಟಿಗೆ ನಡೆಯುತ್ತವೆಯೇ ಎಂದು ನೋಡುವುದು.
• ಪ್ರತಿ ಬಾಗಿಲನ್ನು ಪೂರ್ತಿ ತೆರೆದು, ಅರ್ಧ ಮುಚ್ಚಿ, ಅಲುಗಿಸುತ್ತ ಅದೇ ಪರೀಕ್ಷೆ ಮಾಡುವುದು.
• ಗಾಜನ್ನು ಮೇಲೆ-ಕೆಳಗೆ ಓಡಿಸಿ, ಅದು ಹೊಸ ತಂತಿಗೆ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದು.
• ಗಾಜುಗಳನ್ನು ಇಳಿಸಿ, ಎಲ್ಲ ಬಾಗಿಲುಗಳನ್ನು ಲಾಕ್ ಮಾಡಿ, ಬ್ಯಾಟರಿಯ ಋಣ ತುದಿ ಕಳಚುವುದು. ಒಬ್ಬರು ಒಳಗೆ ಕುಳಿತು ಪ್ರತಿ ಬಾಗಿಲನ್ನೂ ಗುಬಟು ಮತ್ತು ಹಿಡಿಯಿಂದ ತೆರೆಯುವುದು. ಹಿಂಬಾಗಿಲಿನಲ್ಲಿ ಚೈಲ್ಡ್ ಲಾಕ್ ಹಾಕಿದ್ದರೆ ತೆಗೆದು ಪರೀಕ್ಷಿಸುವುದು.
• ಅದೇ ಸ್ಥಿತಿಯಲ್ಲಿ ಹೊರಗಿನಿಂದ ಕೀಲಿ ಹಾಕಿ ಚಾಲಕನ ಬಾಗಿಲನ್ನು ತೆರೆಯುವುದು.

ಈ ಕೊನೆಯ ಎರಡು ಪರೀಕ್ಷೆಗಳಿಗೆ ಹಿಡಿಯುವ ಸಮಯ ಹತ್ತು ನಿಮಿಷ. ಅಂಗಡಿಯಲ್ಲಿ ಕೆಲಸ ಮಾಡಿಸಿದವರು ಹಣ ಕೊಡುವ ಮುನ್ನ ಇವನ್ನು ತಮ್ಮೆದುರಿಗೇ ಮಾಡಿ ತೋರಿಸುವಂತೆ ಕೇಳುವುದು ಒಳ್ಳೆಯದು. ಯಾವುದಾದರೊಂದು ಬಾಗಿಲು ತೆರೆಯದಿದ್ದರೆ ಸ್ವಿಚ್ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಆ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು.